ಸೂರ್ಯನ ಕೈಲಿ ನೀರೆತ್ತಿಸಿದ್ದು

ದೊಡ್ಡಬಳ್ಳಾಪುರದ ಸುತ್ತಮುತ್ತ ಬೋರ್‌ವೆಲ್ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ. ನೆಲಕ್ಕೆ ಕಿವಿಯಿಟ್ಟು ನೀರು ಸಿಹಿಯೋ ಸಪ್ಪೆಯೋ ಹೇಳಿದವನು ನಾನು. ಅಂಥವನಿಗೂ ಈ ಸೋಲಾರ್ ಬಂದಮೇಲೆ ಒಂದಲ್ಲ ಒಂದು ಕರ್ಮ ತಪ್ಪಿದ್ದಿಲ್ಲ. ನಗುವವರು ನಗಲಿ. ನಮಗೆ ಹೊಟ್ಟೆಪಾಡು. ಮೋಟರು ಓಡಿದರೆ ಹಿಪ್ಪುನೇರಳೆ ತೋಟ, ತೋಟ ಇದ್ದರೆ ರೇಷ್ಮೆಹುಳು, ಹುಳು ಇದ್ದರೆ ನಾವು.

೧. ತಂಪು ಮಾಡಿದ್ದು

ಪ್ಯಾನಲ್ ಕೂರಿಸಲು ಬಂದ ಮೆಕ್ಯಾನಿಕ್ಕು ಎಲ್ಲ ಬಿಡಿಸಿ ಹೇಳಿದ. ನೀಲಿ ಬಿಲ್ಲೆಗಳ ಮೇಲೆ ಬೆಳಕು ಬಿದ್ದರೆ ಒಳಗಿರುವ ಕಣ್ಣಿಗೆ ಕಾಣದ ಕಣಗಳು ಎದ್ದು ಓಡುತ್ತವಂತೆ, ಆ ಓಟವೇ ಕರೆಂಟಂತೆ. ಮರಳುಗಾಡಿನ ದೇಶ, ಚಳಿ ದೇಶ, ಎಲ್ಲ ಕಡೆಯೂ ಈಗ ಇದನ್ನೇ ಹಾಸುತ್ತಿದ್ದಾರಂತೆ.

"ಬೇಕಾಗಿರೋದು ಬೆಳಕು ಕಣಜ್ಜ, ಕಾವಲ್ಲ. ಜಾಸ್ತಿ ಕಾದ್ರೆ ಕರೆಂಟು ಇಳಿಯುತ್ತೆ" ಅಂದ.

ಅರ್ಧ ಮಾತಿಗೇ ಇಡೀ ಶಾಸ್ತ್ರ ಹಿಡಿಯುವವನು ನಾನು. ಬೇಸಿಗೆಯಲ್ಲಿ ಪ್ಯಾನಲ್ಲಿನ ಮೇಲೆ ರೊಟ್ಟಿ ಸುಡಬಹುದಿತ್ತು. ಬೋರಿನ ಪೈಪನ್ನೇ ಅದರ ಕಡೆ ತಿರುಗಿಸಿ ಬೆಳಗಿಂದ ಸಂಜೆವರೆಗೂ ಅಭಿಷೇಕ ಮಾಡಿದೆ. ಮೋಟರು ಆನೆ ಸೊಂಡಿಲ ಹಾಗೆ ನೀರು ಉಗುಳಿತು. ವಾರ ಕಳೆದಮೇಲೆ ಹೆಂಡತಿ ಒಣಗಿದ ತೋಟದಿಂದ ಖಾಲಿ ಕುಕ್ಕೆ ತಂದು ನನ್ನ ಮುಂದಿಟ್ಟಳು.

"ಪ್ಯಾನಲ್ಲು ಎಷ್ಟು ಸೊಪ್ಪು ಬಿಟ್ಟಿದೆ ನೋಡಿ, ಕೊಯ್ಕೊಂಡು ಬರ್ತೀನಿ."

೨. ಆಯುಧಪೂಜೆ

ದುಡಿಯುವ ಯಂತ್ರಕ್ಕೆ ಪೂಜೆ ಬೇಡವೇ? ಒಂದೊಂದು ಪ್ಯಾನಲ್ಲಿಗೂ ಅಂಗೈ ಅಗಲ ವಿಭೂತಿ ಪಟ್ಟೆ ಎಳೆದು, ನಡುವೆ ತಟ್ಟೆ ಗಾತ್ರ ಕುಂಕುಮ ಇಟ್ಟೆ. ಮೋಟರು ಕೆಮ್ಮಿ ನಿಂತಿತು. ಫೋನು ಮಾಡಿದರೆ ಮೆಕ್ಯಾನಿಕ್ಕು, ಬಿಲ್ಲೆಗಳೆಲ್ಲ ಒಂದರ ಕೈ ಒಂದು ಹಿಡಿದಿರುತ್ತವೆ, ಕೆಲವಕ್ಕೆ ಬೆಳಕು ತಪ್ಪಿದರೂ ಇಡೀ ಸಾಲು ಸೋಲುತ್ತೆ, ಮೊದಲು ಒರೆಸಿ ಅಂದ. ಹಬ್ಬದ ದಿನ ದೇವರ ಕುಂಕುಮ ಒರೆಸುವುದುಂಟೇ? ಮಳೆಯೇ ತೊಳೆಯಲಿ ಅಂತ ಕಾದೆ. ನನ್ನ ಪೂಜೆ ಎಂಥ ಗಟ್ಟಿ ಅಂದರೆ, ಮೋಡ ನಮ್ಮ ಹೊಲದ ಮೇಲೆ ಬಂದು ಕೈಮುಗಿದು, ಪಕ್ಕದವನ ಹೊಲದಲ್ಲಿ ಸುರಿದು ಹೋಯಿತು.

ಬೇಲಿಯಾಚೆಯಿಂದ ಅವನು, "ಗೌಡ್ರೇ, ಮುಂದಿನ ವರ್ಷ ಇನ್ನೂ ಜೋರಾಗಿ ಮಾಡಿ" ಅಂದ.

೩. ದೃಷ್ಟಿಬೊಂಬೆ

ಪಕ್ಕದವನ ಕಣ್ಣೇ ಬಿದ್ದಿದ್ದು ಅಂತ ಖಾತ್ರಿಯಾಯಿತು. ಆಳೆತ್ತರದ ದೃಷ್ಟಿಬೊಂಬೆ ಮಾಡಿ ಪ್ಯಾನಲ್ಲಿನ ಮುಂದೆಯೇ ನೆಟ್ಟೆ. ಅದನ್ನು ನೋಡಿ ಹಾವಾಡಿಗನ ಹಾವೇ ಬುಟ್ಟಿಯಿಂದ ಏಳಲಿಲ್ಲ. ಆದರೆ ಪೈಪಿನಲ್ಲಿ ನೀರೂ ಏಳಲಿಲ್ಲ. ಅಷ್ಟರಲ್ಲಿ ಹುಳು ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದವು. ಆಗ ಅವಕ್ಕೆ ಎಮ್ಮೆಯ ಹಸಿವು. ತೋಟದಲ್ಲಿ ಎಲೆ ಜೋತುಬಿದ್ದಿತ್ತು. ಇನ್ನೆರಡು ದಿನ ನೀರಿಲ್ಲದಿದ್ದರೆ ಇಡೀ ಬೆಳೆ ತಿಪ್ಪೆಗೆ. ಹೆಂಡತಿ ಹುಳುಮನೆ ಬಾಗಿಲಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದಳು. ನಾನು ಮತ್ತೆ ಫೋನು ಮಾಡಿದೆ.

ಮೆಕ್ಯಾನಿಕ್ಕು ಖುದ್ದು ಬಂದ. ಸಂಜೆಯ ಇಳಿಬಿಸಿಲು. ಬೊಂಬೆ ಕಿತ್ತು ಅದರ ನೆರಳು ತೋರಿಸಿದ. ಪ್ಯಾನಲ್ಲು ಒರೆಸಿದ, ತಂತಿ ಮುಟ್ಟಿ ನೋಡಿದ. ಆದರೂ ನೀರು ಮಗು ಉಚ್ಚೆ ಹೊಯ್ದ ಹಾಗೆ. ನಾನು ಪ್ಯಾನಲ್ಲಿಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು, ಸೂರ್ಯನಿಗೇ ವಯಸ್ಸಾಯ್ತು ಅಂತ ಮೆಕ್ಯಾನಿಕ್ಕಿಗೆ ವಿವರಿಸುತ್ತಿದ್ದೆ. ಅವನು ಒಮ್ಮೆ ಪೈಪು ನೋಡಿದ, ಒಮ್ಮೆ ನನ್ನ ನೋಡಿದ.

"ಅಜ್ಜ, ಸ್ವಲ್ಪ ಪಕ್ಕಕ್ಕೆ ಬನ್ನಿ."

ಬಂದೆ. ಭುಸ್ಸಂತ ನೀರು ಹಾರಿ ಕಾಲುವೆಗೆ ಬಿತ್ತು.

ಹೆಂಡತಿ ಸೆರಗಲ್ಲಿ ಕಣ್ಣೊರೆಸಿಕೊಂಡು ಎದ್ದು ಬಂದಳು. "ಮದುವೆಯಾದಾಗಿಂದ ನಾನೂ ಇದನ್ನೇ ಹೇಳ್ತಾ ಇದ್ದೀನಿ ಕಣಪ್ಪ" ಅಂದಳು ಅವನಿಗೆ, "ನೀನು ಹೇಳಿದ್ದಕ್ಕೆ ಸರಿದ್ರು ನೋಡು."