ಹಿಕ್ಕೆ ಕೊಟ್ಟ ತೀರ್ಪು

ಡಾಕ್ಟರು: ಹಿಕ್ಕೇಲಿ ಮೊಟ್ಟೆ ಇದೆ ಅಂದೆ ಅತ್ತೆ, ಆಡು ಇಟ್ಟಿದೆ ಅನ್ನಲಿಲ್ಲ.

ಅತ್ತೆ: ಇದೆ ಅಂದ್ಮೇಲೆ ಯಾರೋ ಇಟ್ಟಿರ್ಬೇಕಲ್ಲ.

ಡಾಕ್ಟರು: ಜಂತುಹುಳ ಇಟ್ಟಿದ್ದು. ಹೊಟ್ಟೇಲಿ ಹುಳ ಹೆಚ್ಚಿದಷ್ಟೂ ಹಿಕ್ಕೇಲಿ ಅದರ ಮೊಟ್ಟೆ ಹೆಚ್ಚು.

ಅತ್ತೆ: ಅಷ್ಟು ತಿಳ್ಕೊಳ್ಳೋಕೆ ಈ ಯಂತ್ರ ಬೇಕೇ? ಆಡಿನ ಕಣ್ಣುರೆಪ್ಪೆ ಬಿಡಿಸಿ ನೋಡಿ. ಒಳಗೆ ಬಿಳಿಚಿದ್ರೆ ಹುಳ.

ಡಾಕ್ಟರು ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವರ ಪಾಲಿಗೆ ತಲೆಕೆಳಗಾಗಿತ್ತು. ಆಡು ಸಾಕಿದವರೆಲ್ಲ ಅವರ ಪಶು ಆಸ್ಪತ್ರೆಯನ್ನು ದಾಟಿಕೊಂಡು, ಬೆಳ್ಳುಳ್ಳಿ, ದಾಳಿಂಬೆ ಸಿಪ್ಪೆ, ಕುಂಬಳಬೀಜ ಕುದಿಯುವ ಅತ್ತೆಯ ಹಿತ್ತಲಿಗೆ ಹೋಗುತ್ತಿದ್ದರು. ಕೊನೆಗೆ ಡಾಕ್ಟರೇ ಪಂಥ ಕಟ್ಟಿದ್ದರು: ಅತ್ತೆಯ ಹನ್ನೆರಡು ಆಡುಗಳಲ್ಲಿ ಕೆಂಪು ದಾರದ ಆರಕ್ಕೆ ಮಾತ್ರೆ, ನೀಲಿ ದಾರದ ಆರಕ್ಕೆ ಕಷಾಯ. ಆಡುಗಳು ಬೇರೆಯವರನ್ನು ಹತ್ತಿರ ಬಿಡದ ಕಾರಣ ಎರಡನ್ನೂ ಕೊಟ್ಟವರು ಅತ್ತೆಯೇ. ಇಂದಿಗೆ ಎರಡು ವಾರ.

ಅತ್ತೆ: ಎಷ್ಟಂತೆ?

ಡಾಕ್ಟರು: ನೀಲಿ... ಗ್ರಾಮಿಗೆ ಐವತ್ತು.

ಅತ್ತೆ: ಕೆಂಪು?

ಡಾಕ್ಟರು: ಇನ್ನೊಂದ್ಸಲ ಎಣಿಸ್ತೀನಿ.

ಅತ್ತೆ: ಮೂರು ಸಲ ಎಣಿಸಿದ್ರಲ್ಲ. ಸಂಕೋಚ ಯಾಕೆ, ಮನೆಯವಳೇ ತಾನೇ ನಾನು.

ಡಾಕ್ಟರು: ಒಂಬೈನೂರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಐದು ವರ್ಷ ಓದಿದ್ದು, ಹದಿನಾರು ವರ್ಷ ದುಡಿದದ್ದು ಎಲ್ಲ ಆರು ಆಡಿನ ಹಿಕ್ಕೆಯಲ್ಲಿ ಹೋಯಿತು ಅನ್ನಿಸಿತು. ಆದರೂ ಮನುಷ್ಯ ಪ್ರಾಮಾಣಿಕ, ಕಾಗದ ಎಳೆದುಕೊಂಡರು.

ಡಾಕ್ಟರು: ಹೇಳಿ ಅತ್ತೆ. ಕಷಾಯ ಮಾಡೋದು ಹೇಗೆ?

ಅತ್ತೆ: ಸಿಪ್ಪೆ ಒಂದು ಹಿಡಿ. ಬೆಳ್ಳುಳ್ಳಿ ಎರಡು ಗೆಡ್ಡೆ. ಬೀಜ ಕುಟ್ಟಿ ಹಾಕ್ಬೇಕು. ಕಹಿ ಮುರಿಯೋಕೆ ಬೆಲ್ಲ. ಆರಿದ ಮೇಲೆ ಮಾತ್ರೆ ಪುಡಿ ಮಾಡಿ...

ಪೆನ್ನು ನಿಂತಿತು.

ಡಾಕ್ಟರು: ಯಾವ ಮಾತ್ರೆ?

ಅತ್ತೆ: ನೀವು ಕೊಟ್ಟಿದ್ದೇ. ಕೆಂಪು ದಾರದವು ಬಾಯೇ ಬಿಡಲಿಲ್ಲ. ಒಂದು ನನ್ನ ಬೆರಳು ಕಚ್ಚಿತು. ವ್ಯರ್ಥ ಯಾಕೆ ಅಂತ ಕಷಾಯಕ್ಕೆ ಹಾಕ್ದೆ. ನೀಲಿಯವು ಚಪ್ಪರಿಸಿಕೊಂಡು ಕುಡಿದ್ವು.

ಡಾಕ್ಟರು: ಅತ್ತೆ, ನಾನು ಏನು ಹೇಳಿದ್ದೆ?

ಅತ್ತೆ: ಆರು ಮಾತ್ರೆ ಆರು ಆಡಿನ ಹೊಟ್ಟೆ ಸೇರ್ಬೇಕು ಅಂದ್ರಿ. ಸೇರಿದ್ವು. ಯಾವ ಆರು ಅಂತ ಹಠ ಹಿಡಿದ್ರೆ ಹೇಗೆ?

ಡಾಕ್ಟರ ಮುಖಕ್ಕೆ ಕಳೆ ಮರಳಿತು. ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದರು.

ಡಾಕ್ಟರು: ಕೇಳಿದ್ಯಾ? ಗೆದ್ದಿದ್ದು ನನ್ನ ಮಾತ್ರೆ. ನಿಮ್ಮಮ್ಮನ ಕಷಾಯ ಸೋತಿತು.

ಅತ್ತೆ: ಬರೀ ಕಷಾಯ ಕುಡಿದ ಆಡು ಒಂದೂ ಇಲ್ಲ. ಪರೀಕ್ಷೆಗೇ ಕೂರದವರನ್ನ ಫೇಲ್ ಮಾಡೋದು ಯಾವ ಶಾಲೇಲಿ?

ಹೆಂಡತಿ: ಅಮ್ಮ ಹೇಳೋದು ಸರಿ ಕಣ್ರೀ. ಆ ಕೆಂಪಿನವು ಪಾಪ, ಎರಡು ವಾರದಿಂದ ಯಾವ ಮದ್ದೂ ಇಲ್ದೆ ಹುಳ ಹೊತ್ಕೊಂಡಿವೆ. ಹೋಗಿ ಮೊದಲು ಅವಕ್ಕೆ ಮಾತ್ರೆ ಕೊಡಿ. ಈ ಸಲ ನೀವೇ.

ಡಾಕ್ಟರು ಕೋಟು ತೊಟ್ಟು, ಆರು ಮಾತ್ರೆ ಹಿಡಿದು ಗತ್ತಿನಿಂದ ಕೊಟ್ಟಿಗೆಗೆ ನಡೆದರು. ಅಲ್ಲಿಂದ ಏನೋ ಉರುಳಿದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಅವರು ಒಂದು ಗುಂಡಿ ಕಿತ್ತುಹೋದ ಕೋಟಿನಲ್ಲಿ, ಆರೂ ಮಾತ್ರೆಯೊಂದಿಗೆ ಬಾಗಿಲಲ್ಲಿ ನಿಂತರು.

ಡಾಕ್ಟರು: ಅತ್ತೆ, ಬೆಲ್ಲ ಎಷ್ಟು ಅಂದ್ರಿ?