ಒಂದು ಮಂಚ, ಮೂರು ಓಟು

ಪೀಣ್ಯದ ಮೂವರು ಕಾರ್ಮಿಕರ ಹೆಸರನ್ನು ಮತದಾರರ ಪಟ್ಟಿಯಿಂದ ಕಿತ್ತುಹಾಕಿದರು. ಕಾರಣ, ಮೂವರಿಗೂ ಸೇರಿ ಮಂಚ ಒಂದೇ ಇತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾನೂನು ಕಲಿತದ್ದು ನೋಟೀಸು ಬೋರ್ಡುಗಳ ಮುಂದೆ ನಿಂತು. ಪ್ರತಿ ಚುನಾವಣೆಗೂ ಇಂಥದೊಂದು ಆಗುತ್ತಲೇ ಇತ್ತು. ಕಾರ್ಮಿಕರ ಪರವಾಗಿ ಜಗಳಕ್ಕೆ ಹೋಗುತ್ತಿದ್ದೆ, ಬೆರಗಾಗಿ ವಾಪಸು ಬರುತ್ತಿದ್ದೆ.

೧. ಮಂಚದ ಲೆಕ್ಕ

ಆ ಮೂವರು ಮೂರು ಶಿಫ್ಟಿನವರು. ಒಬ್ಬ ಎದ್ದು ಹೋದ ಮೇಲೆ ಇನ್ನೊಬ್ಬ ಮಲಗಬೇಕು. ಪಟ್ಟಿ ಪರಿಶೀಲನೆಗೆ ಬಂದ ಗುಮಾಸ್ತ ಕೋಣೆಯಲ್ಲಿ ಒಂದೇ ಮಂಚ ನೋಡಿ, ಇಬ್ಬರು ಬೋಗಸ್ ಎಂದು ತೀರ್ಮಾನಿಸಿದ. ಯಾರಿಬ್ಬರು ಅಂತ ಗೊತ್ತಾಗದೆ ಮೂವರ ಹೆಸರನ್ನೂ ಹೊಡೆದುಹಾಕಿದ.

ನಾನು ಅವನ ಮೇಲಧಿಕಾರಿಯ ಮೇಜು ಗುದ್ದಿ ಕೂಗಾಡಿದೆ. ಪೊಲೀಸರನ್ನು ಕರೆಸುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ಮಾರನೆಯ ದಿನ ತಾವೇ ಸೈಕಲ್ ತುಳಿದು ಬಂದರು. ಬೆಳಿಗ್ಗೆ ಬಂದಾಗ ಮಂಚದ ಮೇಲೆ ನೈಟ್ ಶಿಫ್ಟಿನವನು. ಸಂಜೆ ಮತ್ತೆ ಬಂದಾಗ ಫಸ್ಟ್ ಶಿಫ್ಟಿನವನು. ಮೂರನೆಯವನು ತಗಡು ಒತ್ತುವ ಪ್ರೆಸ್ ಮೆಷಿನ್ನಿನವನು, ಎಲ್ಲರೂ ಅಣ್ಣ ಅಂತ ಕರೆಯುವವನು, ಅವನ ಸರದಿ ರಾತ್ರಿ ಹತ್ತರ ಮೇಲೆ ಅಂದೆ.

ಅಧಿಕಾರಿ ಹಾಸಿಗೆ ಮುಟ್ಟಿ ನೋಡಿದರು. "ಬೇಡ ಕಣ್ರೀ, ನಂಬಿದೆ. ಮೂರು ಹೆಸರೂ ಬರ್ಕೋತೀನಿ. ಈ ಮಂಚ ನಮ್ಮ ಆಫೀಸಿಗಿಂತ ಜಾಸ್ತಿ ಕೆಲಸ ಮಾಡುತ್ತೆ."

೨. ಮಾವನ ಹೆಸರು

ಅದೇ ಪಟ್ಟಿಯಲ್ಲಿ, ಆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮನೆ ಒಡತಿಯ ಮಾವನ ಹೆಸರು ಭದ್ರವಾಗಿ ಕೂತಿತ್ತು. ಅವರು ತೀರಿಹೋಗಿ ವರ್ಷಗಳಾಗಿದ್ದವು. ಬದುಕಿರೋರನ್ನ ಅಳಿಸಿ ಸತ್ತವರನ್ನ ಇಟ್ಟುಕೊಂಡಿದ್ದೀರಿ, ಅವರ ಓಟು ಯಾರೋ ಒತ್ತುತ್ತಾರೆ ಅಂತ ನಾನು ಅಧಿಕಾರಿಯ ಮೇಲೆ ಮತ್ತೆ ಹಾರಾಡಿದೆ. ರಾಗಿ ಕೇರುತ್ತಿದ್ದ ಒಡತಿ ಮೊರ ಕೆಳಗಿಟ್ಟಳು.

"ಬದುಕಿದ್ದಾಗ್ಲೇ ಓಟಿಗೆ ಅಂತ ಎದ್ದು ಓಗ್ನಿಲ್ಲ ಕಣಪ್ಪ. ಈಗ ಎದ್ದು ಓಗ್ತಾರಾ?"

ಅಧಿಕಾರಿ ನಗುತ್ತಲೇ ಮಾವನ ಹೆಸರಿಗೆ ಎರಡೆರಡು ಗೆರೆ ಎಳೆದರು.

೩. ಬೆರಳಿಲ್ಲದ ಓಟು

ಓಟಿನ ದಿನ. ನಾನೂ ಸಾಲಿನಲ್ಲಿದ್ದೆ. ಊರ ಶಾಲೆಯ ಬೂತಿನಲ್ಲಿ ಪ್ರೆಸ್ಸಿನ ಅಣ್ಣ ಎಡಗೈ ಚಾಚಿದ. ಶಾಯಿ ಹಚ್ಚಬೇಕಾದ ತೋರುಬೆರಳು ಅಲ್ಲಿರಲಿಲ್ಲ.

ಬೂತಿನೊಳಗೆ ಒಂದು ಪಕ್ಷದ ಏಜೆಂಟಾಗಿ ಕೂತಿದ್ದವನು ಅಣ್ಣ ದುಡಿಯುವ ಶೆಡ್ಡಿನ ಮಾಲೀಕ. ಕೂಡಲೇ ಎದ್ದು ನಿಂತ. ಇದು ಮೋಸ, ಗುರುತು ಬೀಳಬಾರದು ಅಂತಲೇ ಹೀಗೆ ಬಂದಿದ್ದಾನೆ, ಸಂಜೆವರೆಗೆ ಹತ್ತು ಸಲ ಬರುತ್ತಾನೆ ಅಂದ.

ಬೂತಿನ ಅಧಿಕಾರಿ ನಿಯಮದ ಪುಸ್ತಕ ತೆಗೆದು ನೋಡಿದರು. ಆ ಬೆರಳಿಲ್ಲದಿದ್ದರೆ ಎಡಗೈಯ ಬೇರೆ ಬೆರಳಿಗೆ ಹಚ್ಚಬಹುದು ಅಂದರು. ಅಷ್ಟರಲ್ಲಿ ಅಣ್ಣನ ಹಿಂದೆ ಸಾಲಿನಲ್ಲಿದ್ದ ಅದೇ ಶೆಡ್ಡಿನ ನಾಲ್ವರು ಕೈ ಮುಂದೆ ಮಾಡಿದರು. ನಾಲ್ವರಿಗೂ ತೋರುಬೆರಳಿಲ್ಲ.

"ನೋಡಿ ಸಾರ್," ಅಂದ ಮಾಲೀಕ. "ಇಡೀ ಗುಂಪೇ ಸೇರಿ ಪಿತೂರಿ ಮಾಡಿದೆ."

ಅಣ್ಣ ದನಿ ಏರಿಸಲಿಲ್ಲ. "ಪಿತೂರಿ ಅಲ್ಲ ಸಾರ್. ಇವರ ಪ್ರೆಸ್ಸಿಗೆ ಬೆರಳು ಕಾಯೋ ಗಾರ್ಡ್ ಇಲ್ಲ."

ಬೂತಿಗೆ ಬೂತೇ ನಕ್ಕಿತು. ಮಾಲೀಕ ಕೂತ. ಐದು ಜನರೂ ಉಂಗುರದ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಓಟು ಹಾಕಿದರು. ಮೇಜು ಗುದ್ದುತ್ತಲೇ ಬದುಕಿದ ನಾನು, ಅಷ್ಟು ಮೆತ್ತಗೆ ಅಷ್ಟು ಜೋರಾಗಿ ಹೊಡೆದವನನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಿಮಗೆ ಹತ್ತು ಬೆರಳೂ ಇವೆಯಲ್ಲ? ಇವತ್ತೇ ಹೋಗಿ ಪಟ್ಟಿ ತಿರುವಿ. ನಿಮ್ಮ ಹೆಸರಿಲ್ಲದಿದ್ದರೆ ಬರೆಯುವವರೆಗೆ ಆ ಮೇಜಿನ ಮುಂದಿಂದ ಕದಲಬೇಡಿ.