ದಿನಾ ಪರೀಕ್ಷೆಗೆ ಕೂರುವ ಕ್ಯಾಮೆರಾ

ನಮ್ಮ ಗಾಮಾ ಕ್ಯಾಮೆರಾ ಸುಮ್ಮನಿದ್ದರೂ ಅದರ ಸುತ್ತ ಇರೋ ಜನ ಸುಮ್ಮನಿರಲ್ಲ. ವಾರಕ್ಕೊಂದು ರಾಮಾಯಣ ಇದ್ದೇ ಇರುತ್ತೆ. ರೋಗಿಗೆ ಚೂರು ವಿಕಿರಣದ ಔಷಧಿ ಚುಚ್ಚಿದರೆ, ಅದು ಮೈಯೊಳಗೆ ಎಲ್ಲೆಲ್ಲಿ ಸೇರಿತು ಅಂತ ಚಿತ್ರ ತೆಗೆಯುವ ಯಂತ್ರ ಇದು. ದಿನಾ ಬೆಳಿಗ್ಗೆ ಅದನ್ನು ಟೆಸ್ಟ್ ಮಾಡೋದು ನನ್ನ ಕೆಲಸ. ದೇವನಹಳ್ಳಿಯಲ್ಲಿ ಜಮೀನು ಮಾರಿ ಈ ಆಸ್ಪತ್ರೆ ಕಟ್ಟಿಸಿದ ಯಜಮಾನರು, ಈ ಕ್ಯಾಮೆರಾ ಇನ್ನೊಂದ್ಸಲ ಕೆಟ್ಟಿದೆ ಅಂದರೆ ಮಾರಿಬಿಡ್ತೀನಿ ಅಂದಿದ್ದರು. ಅದು ಹೋದರೆ ನಾನೂ ಮನೆಗೆ.

೧. ಮೂಳೆಯೇ ಇಲ್ಲದವರು

ರೋಗಿ ಬದಲು ಒಂದೇ ಸಮ ವಿಕಿರಣ ಬೀರುವ ಹಲಗೆ ಇಟ್ಟು ಮಾಡೋ ಈ ಟೆಸ್ಟ್ ಚೆನ್ನಾಗಿ ಬಂದರೆ ಪರದೆ ಮೇಲೆ ಏನೂ ಕಾಣಬಾರದು. ಪೂರ್ತಿ ಒಂದೇ ಸಮ ಬೂದಿ ಬಣ್ಣ. ಅವತ್ತು ಹಾಗೇ ಬಂದಿತ್ತು, ನನಗೂ ಖುಷಿ. ಕುಂದಾಣದಿಂದ ಸ್ಕ್ಯಾನಿಗೆ ಬಂದಿದ್ದ ತಾತ ಒಬ್ಬರು ಬಾಗಿಲಲ್ಲಿ ಇಣುಕಿ, ಪರದೆ ನೋಡಿ, ಇದು ಯಾರದು ಅಂತ ಕೇಳಿದರು. ಯಾರದೂ ಅಲ್ಲ, ಬಹಳ ಚೆನ್ನಾಗಿದೆ ಅಂದೆ. ಅವರು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಿದ್ದವರಿಗೆ ಮೆಲ್ಲಗೆ ಹೇಳಿದರು:

"ಪಾಪ, ಒಳಗೆ ಯಾರ್ದೋ ಪಿಚ್ಚರ್ ಬಂದೈತೆ. ಒಂದು ಮೂಳೆನೂ ಇಲ್ಲ."

ಇಬ್ಬರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

೨. ತಾಯತ

ಇನ್ನೊಂದು ದಿನ ಅದೇ ಬೂದಿ ಬಣ್ಣದ ನಡುವೆ ಕಪ್ಪು ಚುಕ್ಕೆ. ವಿಕಿರಣ ಹಿಡಿಯುವ ಒಳಗಿನ ಹರಳೇ ಒಡೆದಿದೆ ಅಂತ ಎಂಜಿನಿಯರಿಗೆ ಫೋನ್ ಮಾಡುವ ಹೊತ್ತಿಗೆ, ಕ್ಯಾಮೆರಾ ಮುಖದ ಕೆಳಗೆ ಕಪ್ಪು ದಾರದಲ್ಲಿ ನೇತಾಡುತ್ತಿದ್ದ ಗಟ್ಟಿ ತಾಮ್ರದ ತಾಯತ ಕಂಡಿತು. ದೃಷ್ಟಿ ಆಗದಿರಲಿ ಅಂತ ಕ್ಲೀನಿಂಗ್ ಅಕ್ಕ ಕಟ್ಟಿದ್ದು. ಇದು ವಿಕಿರಣಕ್ಕೆ ಅಡ್ಡ ಬಂದೇ ಟೆಸ್ಟ್ ಫೇಲಾಯ್ತು ಕಣಕ್ಕಾ ಅಂದೆ. ತಾಯತ ಬಿಚ್ಚಿದೆ, ಚುಕ್ಕೆ ಮಾಯ. ಅರ್ಧ ಗಂಟೆಯೊಳಗೆ ಕರೆಂಟು ಹೋಯಿತು. ಅಕ್ಕ ನನ್ನನ್ನೇ ನೋಡುತ್ತಾ ನೆಲ ಒರೆಸಿದಳು.

೩. ಖಾಲಿ ರೂಮು

ಔಷಧಿ ಏನೂ ಇಲ್ಲದ ಖಾಲಿ ರೂಮಿನಲ್ಲಿ ಕ್ಯಾಮೆರಾ ಹೆಚ್ಚು ವಿಕಿರಣ ಎಣಿಸಬಾರದು, ಅದೂ ಒಂದು ಟೆಸ್ಟು. ಒಂದು ಬೆಳಿಗ್ಗೆ ಎಣಿಕೆ ಇದ್ದಕ್ಕಿದ್ದಂತೆ ಏರಿತು. ಅದನ್ನು ನೋಡಲೆಂದೇ ಬಂದವರ ಹಾಗೆ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಔಷಧಿ ಎಲ್ಲೋ ಚೆಲ್ಲಿದೆ ಅಂದುಕೊಂಡು ನೆಲ ಒರೆಸಿದೆ, ಹಾಸಿಗೆ ಬಟ್ಟೆ ಬದಲಿಸಿದೆ. ಇಳಿಯಲಿಲ್ಲ. ಅವರು ಫೋನ್ ಬಂತು ಅಂತ ಆಚೆ ಹೋದರು, ಇಳಿಯಿತು. ಈಗ ಸರಿ ಇದೆ ಸಾರ್ ಅಂತ ಕರೆದೆ. ಬಂದರು, ಏರಿತು. ಸಾಕು, ಮಾರಿಬಿಡೋಣ ಅಂದರು.

ಕೊನೆಗೆ ವಿಕಿರಣದ ಮೀಟರನ್ನು ಅವರ ಎದೆಗೇ ಹಿಡಿದೆ. ಅದು ಬಡಕೊಂಡ ಸದ್ದಿಗೆ ಅಕ್ಕ ಪೊರಕೆ ಬಿಟ್ಟು ಓಡಿದಳು.

"ಸಾರ್, ನಿನ್ನೆ ಎಲ್ಲಾದ್ರೂ ಹಾರ್ಟ್ ಸ್ಕ್ಯಾನ್ ಮಾಡಿಸಿದ್ರಾ?"

ಯಜಮಾನರು ಬಾಗಿಲು ಹಾಕಿ ಬಂದರು. ಸಿಟಿಯಲ್ಲಿ, ಬೇರೆ ಆಸ್ಪತ್ರೆಯಲ್ಲಿ ಮಾಡಿಸಿದ್ದಾಗಿ ಒಪ್ಪಿಕೊಂಡರು. ಅಲ್ಲಿ ಚುಚ್ಚಿದ ವಿಕಿರಣದ ಔಷಧಿ ಇನ್ನೂ ಮೈಯಲ್ಲೇ ಇತ್ತು. ಮಾರುವ ಮಾತು ಅಲ್ಲಿಗೆ ನಿಂತಿತು. ನನಗೆ ಜೀವ ಬಂದಂತಾದರೂ ಬೇಜಾರಾಯಿತು. ಸ್ವಂತ ಕ್ಯಾಮೆರಾ ಇಟ್ಕೊಂಡು ಅಲ್ಲಿಗ್ಯಾಕೆ ಹೋದ್ರಿ ಸಾರ್ ಅಂತ ಕೇಳಿಯೇಬಿಟ್ಟೆ.

ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು. "ತಪ್ಪು ತಿಳ್ಕೋಬೇಡಪ್ಪ. ಸರಿಯಾಗಿರೋ ಮಿಷಿನ್ನ ಯಾವನಾದ್ರೂ ದಿನಾ ಟೆಸ್ಟ್ ಮಾಡ್ತಾನಾ?"